ಕದ್ದು ತಂದ ಮೂರಿಂಚು

ಇವತ್ತು ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದವಳಿಗೆ ಮೊದಲು ಕಂಡದ್ದು ತುಳಸಿಯಲ್ಲ. ಕಟ್ಟೆಯ ಸಿಮೆಂಟು ಬಿರಿದ ಕಡೆಯಿಂದ ಒಂದು ಬಳ್ಳಿ ಹೊರಗೆ ತಲೆ ಹಾಕಿ, ತುದಿಯಲ್ಲಿ ಹಳದಿ ಹೂ ಇಟ್ಟುಕೊಂಡು, ‘ಚಾ ಆಯ್ತಾ?’ ಎಂದು ಕೇಳುವ ಹಾಗೆ ನಿಂತಿತ್ತು. ಮೊನ್ನೆ ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಊಟ ಬಿಟ್ಟು ಇದೇ ಜಾಗದಿಂದ ಎರಡು ಬುಟ್ಟಿ ಕಿತ್ತಿದ್ದೆ. ಉಗುರಿನ ಸಂದಿಯ ಕೆಂಪು ಮಣ್ಣು ಇನ್ನೂ ಹೋಗಿಲ್ಲ, ಸೊಂಟದ ನೋವಂತೂ ಕೇಳಬೇಡಿ.

ಹೆಸರು ವೆಡೇಲಿಯಾ. ಹೆಸರು ಗೊತ್ತಿಲ್ಲದಿದ್ದರೂ ನೀವು ನೋಡಿಯೇ ಇರುತ್ತೀರಿ. ರಸ್ತೆ ಬದಿಯಲ್ಲಿ, ಹೊಸ ಮನೆಗಳ ಕಂಪೌಂಡಿನಲ್ಲಿ, ಚರಂಡಿಯ ದಂಡೆಯಲ್ಲಿ ನೆಲ ಕಾಣದಷ್ಟು ಹಬ್ಬಿರುತ್ತದೆ. ಹೊಳೆಯುವ ಹಸಿರು ಎಲೆ, ಸೇವಂತಿಗೆಯ ಬಡ ತಂಗಿಯಂಥ ಹಳದಿ ಹೂ. ದೂರದಿಂದ ಬಹಳ ಚಂದ. ದೂರದಲ್ಲೇ ಇದ್ದಿದ್ದರೆ ನಾನೂ ಹೊಗಳುತ್ತಿದ್ದೆ.

ಮುಚ್ಚಿಟ್ಟು ಪ್ರಯೋಜನವಿಲ್ಲ, ಅದನ್ನು ಮನೆಗೆ ತಂದದ್ದು ನಾನೇ. ಆರು ವರ್ಷದ ಹಿಂದೆ ಬ್ರಹ್ಮಾವರದ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆಯಲು ಹೋಗುವ ದಾರಿಯಲ್ಲಿ ಸಭಾಭವನದ ತೋಟ. ಆಚೀಚೆ ನೋಡಿ ಮೂರಿಂಚು ತುಂಡು ಮುರಿದು, ಒದ್ದೆ ಕರವಸ್ತ್ರದಲ್ಲಿ ಸುತ್ತಿ, ತಾಂಬೂಲದ ತೆಂಗಿನಕಾಯಿಯ ಪಕ್ಕ ಬ್ಯಾಗಿಗೆ ಹಾಕಿಕೊಂಡೆ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದೇ ಹಿಡಿಯುವುದು ಎಂದು ನಮ್ಮ ಹೆಂಗಸರ ಶಾಸ್ತ್ರ ಉಂಟಲ್ಲ. ನರ್ಸರಿಯಲ್ಲಿ ದುಡ್ಡು ಕೊಟ್ಟು ತಂದ ಗುಲಾಬಿ ಹದಿನೈದು ದಿನದಲ್ಲಿ ಒಣಗಿತು, ಆಂಥೂರಿಯಂ ಬಸವನಹುಳಕ್ಕೆ ಆಹಾರವಾಯಿತು. ಇದು ಮಾತ್ರ ಹಿಡಿಯಿತು. ಹಿಡಿಯಿತು ಅಂದರೆ ಪೊಲೀಸರು ಕಳ್ಳನನ್ನು ಹಿಡಿದ ಹಾಗೆ. ಆರು ವರ್ಷವಾಯಿತು, ಇನ್ನೂ ಜಾಮೀನು ಸಿಕ್ಕಿಲ್ಲ.

ಈ ಬಳ್ಳಿಯ ಗುಟ್ಟು ಇರುವುದು ಗೆಣ್ಣಿನಲ್ಲಿ. ನೆಲ ತಾಗಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಬೀಜದ ಹಂಗು ಅದಕ್ಕೆ ಬಹುತೇಕ ಇಲ್ಲವೇ ಇಲ್ಲ, ಒಂದು ಗೆಣ್ಣಿರುವ ತುಂಡು ಸಾಕು. ಇದು ನನಗೆ ಗೊತ್ತಾದದ್ದು ತಡವಾಗಿ. ಎಷ್ಟು ತಡ ಅಂದರೆ, ಮೆಷಿನಿನವನು ಬಂದು ಹೋದ ಮೇಲೆ.

ಹುಲ್ಲು ಕತ್ತರಿಸುವ ಮೆಷಿನಿನವನನ್ನು ಮಳೆಗಾಲದ ಮೊದಲು ಕರೆಸುವುದೆಂದರೆ ಮದುವೆಗೆ ಒಳ್ಳೆಯ ಅಡುಗೆಯವರನ್ನು ಹಿಡಿದ ಹಾಗೆ. “ನಾಳೆ ಬರ್ತೇನೆ ಅಕ್ಕ” ಎಂದು ಮೇ ತಿಂಗಳಿಡೀ ಹೇಳಿದವನು ಬಂದದ್ದು ಜೂನ್ ಮೊದಲ ವಾರ, ಆಕಾಶ ಕಪ್ಪಾಗಿದ್ದ ದಿನ. ಗಂಬೂಟು, ಕನ್ನಡಕ, ತಲೆಗೆ ಬೈರಾಸು, ಹೆಗಲಲ್ಲಿ ಮೆಷಿನು. ಚಂದ್ರನ ಮೇಲೆ ಇಳಿಯುವವನ ಗತ್ತು. ಗಂಟೆಗೆ 500 ರೂಪಾಯಿ. ಹಗ್ಗ ಎಳೆದು ಸ್ಟಾರ್ಟ್ ಮಾಡಿದ್ದೇ ತಡ, ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತು.

ಆಮೇಲೆ ನೋಡಬೇಕಿತ್ತು. ನೈಲಾನ್ ದಾರ ಗಿರ್ರೆಂದು ತಿರುಗುತ್ತಿದ್ದ ಹಾಗೆ ವೆಡೇಲಿಯಾ ಹಸಿರು ಚಟ್ನಿಯಾಗಿ ಹಾರತೊಡಗಿತು. ಕೆಂಪುಕಲ್ಲಿನ ಕಂಪೌಂಡಿಗೆ ಚಟ್ನಿ, ಒಣಗಲು ಹಾಕಿದ ಪಂಚೆಗೆ ಚಟ್ನಿ, ಕಾರಿನ ಗಾಜಿಗೆ ಚಟ್ನಿ. ಸಿಟೌಟಿನಲ್ಲಿ ಕುಳಿತು “ಆ ಮೂಲೆ ಬಿಟ್ಟಿದೆ, ಅಲ್ಲಿ, ಅಲ್ಲಿ” ಎಂದು ಕೈ ತೋರಿಸುತ್ತಿದ್ದ ನಮ್ಮವರ ಚಾದ ಲೋಟಕ್ಕೂ ಒಂದು ಎಲೆ ಬಿತ್ತು. ಬಾವಿಕಟ್ಟೆ, ಮಲ್ಲಿಗೆಯ ಬುಡ, ಬಸಳೆ ಚಪ್ಪರ, ಬೇಲಿಯಾಚೆ ನಾರಾಯಣಣ್ಣನ ಅಡಿಕೆ ಸಸಿ, ಎಲ್ಲ ಕಡೆಗೂ ಪಕ್ಷಪಾತವಿಲ್ಲದೆ ಹಂಚಿದ. ಮುಕ್ಕಾಲು ಗಂಟೆಯಲ್ಲಿ ಅಂಗಳ ಮೊದಲ ಸಲ ನೆಲದ ಬಣ್ಣಕ್ಕೆ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ ಬಜಿಲ್ (ಅವಲಕ್ಕಿ), ಬಾಳೆಹಣ್ಣು, ಎರಡನೇ ಲೋಟ ಕಾಫಿ ಕೊಟ್ಟು, ಮೇಲೆ 50 ರೂಪಾಯಿ ಹೆಚ್ಚೂ ಕೊಟ್ಟೆ. ಬಿತ್ತನೆಯ ಕೂಲಿ ಅಂತ ಈಗ ಅನಿಸುತ್ತದೆ. ಅವನು ಗೇಟು ದಾಟುವಾಗ ಮಳೆ ಹಿಡಿಯಿತು. ಹಿಡಿದ ಮಳೆ ನಾಲ್ಕು ದಿನ ಬಿಡಲಿಲ್ಲ.

ಎರಡು ವಾರಕ್ಕೆ ಎರಡು ಸೆಂಟ್ಸ್‌ನಲ್ಲಿದ್ದದ್ದು ಐದು ಸೆಂಟ್ಸ್ ಆಯಿತು. ಮಲ್ಲಿಗೆಯ ಬುಡದಲ್ಲಿ, ಬಾವಿಯ ಒಳಗಿನ ಕಲ್ಲಿನ ಸಂದಿನಲ್ಲಿ, ಎಲ್ಲ ಕಡೆ ಎರಡೆರಡು ಎಲೆ. ಯಕ್ಷಗಾನದ ಆಟದಲ್ಲಿ ರಕ್ತಬೀಜನನ್ನು ನೋಡಿ ಬೆಳೆದವಳು ನಾನು. ಹನಿ ನೆಲಕ್ಕೆ ಬೀಳುವ ಮೊದಲೇ ನಾಲಗೆ ಚಾಚಬೇಕೆಂದು ದೇವಿಗೆ ಗೊತ್ತಿತ್ತು, ನನಗೆ ಒಂದು ಟರ್ಪಾಲು ಹಾಸಲೂ ತೋಚಲಿಲ್ಲ. ನಾರಾಯಣಣ್ಣ ಮಾತು ಬಿಟ್ಟಿಲ್ಲ. ಆದರೆ “ನಿಮ್ಮ ಹೂವು ನಮ್ಮಲ್ಲೂ ಬಂದಿದೆ” ಎಂದು ಹೇಳುವಾಗ ‘ನಿಮ್ಮ’ ಎಂಬಲ್ಲಿ ಸ್ವಲ್ಪ ಒತ್ತಿ ಹೇಳುತ್ತಾರೆ.

ಸಲಹೆಗಳಿಗೇನೂ ಬರವಿಲ್ಲ. ಉಪ್ಪು ಹಾಕಿ ಎಂದರು, ಹಾಕಿದೆ. ಬಸಳೆ ಸತ್ತಿತು. ಔಷಧಿ ಹೊಡೆಸಿ ಎಂದರು. ಬಾವಿ ಹತ್ತು ಹೆಜ್ಜೆಯಲ್ಲಿದೆ, ಆ ನೀರನ್ನೇ ಕುಡಿಯುವವರು ನಾವು, ಬೇಡವೆಂದೆ. ನಮ್ಮವರು ಮೊಬೈಲ್ ನೋಡಿ, ಇದು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯದ್ದು, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನವರ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ನಮ್ಮ ಗುಡ್ಡೆಯ ಲಂಟಾನ, ಕಮ್ಯುನಿಸ್ಟ್ ಗಿಡದ ಜೊತೆಗೆ ಇದೂ ಇದೆ ಎಂದು ಓದಿ ಹೇಳಿದರು. ಆ ಧ್ವನಿಯಲ್ಲಿ ಮಗಳಿಗೆ ರ್‍ಯಾಂಕ್ ಬಂದ ಸಂತೋಷವಿತ್ತು. ಕೀಳಲು ಮಾತ್ರ ಬರಲಿಲ್ಲ.

ಬಾವಿಯ ನೀರು ಹರಿದು ಹೋಗುವ ಆ ತಂಪು ಜಾಗದಲ್ಲಿ ಮೊದಲು ಒಂದೆಲಗ ಇತ್ತು. ನಾವು ತಿಮರೆ ಅನ್ನುತ್ತೇವೆ. ಅತ್ತೆ ಬೆಳಿಗ್ಗೆ ಒಂದು ಮುಷ್ಟಿ ಕಿತ್ತು ತಂದರೆ ಮಧ್ಯಾಹ್ನಕ್ಕೆ ತಂಬುಳಿ. ಮಳೆಗಾಲದ ಆಟಿ ತಿಂಗಳು ಬಂದರೆ ಬೇಲಿ ಬುಡದಲ್ಲಿ ತಜಂಕ್ ಸೊಪ್ಪು ಏಳುತ್ತಿತ್ತು. ನನ್ನ ಅಜ್ಜಿಯ ಬಾಯಲ್ಲಿ ‘ಕಳೆ’ ಎಂಬ ಮಾತು ಬರುತ್ತಿದ್ದದ್ದು ಗದ್ದೆಯಲ್ಲಿ ಮಾತ್ರ. ಅಂಗಳದಲ್ಲಿ ಎದ್ದದ್ದೆಲ್ಲ ಒಂದೋ ಪಲ್ಯಕ್ಕೆ, ಇಲ್ಲ ಕಷಾಯಕ್ಕೆ. ಈಗ ತಿಮರೆಯನ್ನು ಸಂತೆಯಲ್ಲಿ ಕಟ್ಟಿಗೆ 20 ರೂಪಾಯಿ ಕೊಟ್ಟು ತರುತ್ತೇನೆ. ಅದನ್ನು ತೊಳೆಯುವಾಗ ಅತ್ತೆ ಏನೂ ಹೇಳುವುದಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಕೊನೆಗೆ ಉಳಿದ ದಾರಿ ಕೈಯಲ್ಲಿ ಗೆಣ್ಣು ಗೆಣ್ಣು ಹುಡುಕಿ ಕೀಳುವುದು, ಒಂದು ತುಂಡೂ ಬೀಳದ ಹಾಗೆ ಚೀಲಕ್ಕೆ ತುಂಬುವುದು. ಬಿಸಿಲಿದ್ದರೆ ತಾರಸಿಯಲ್ಲಿ ಹರಡಿ ಒಣಗಿಸಿ ಸುಡಬಹುದಿತ್ತು, ಆಟಿಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಹಾಗಾಗಿ ಮೂರು ವಾರದ ಹಿಂದೆ ಕಿತ್ತದ್ದನ್ನು ಅಕ್ಕಿ ಗೋಣಿಯಲ್ಲಿ ಕಟ್ಟಿ, ಅಡುಗೆಮನೆಯ ಹಿಂಬಾಗಿಲ ಬಳಿ ಮಾಡಿನ ಅಡಿಯಲ್ಲಿಟ್ಟು, ಮೇಲೊಂದು ಕಲ್ಲು ಹೇರಿ ಮರೆತಿದ್ದೆ.

ಇವತ್ತು ತುಳಸಿಕಟ್ಟೆಯದ್ದನ್ನು ಕಿತ್ತು ಅದೇ ಗೋಣಿಗೆ ತುರುಕೋಣ ಎಂದು ಹೋದರೆ ಅತ್ತೆ ಹಿಂಬಾಗಿಲ ಹೊಸ್ತಿಲಲ್ಲಿ ಹೂವಿನ ಬುಟ್ಟಿ ಹಿಡಿದು ಬಗ್ಗಿದ್ದರು. ಗೋಣಿಯ ಹೊಲಿಗೆಯನ್ನು ಸೀಳಿಕೊಂಡು ನಾಲ್ಕು ಬಳ್ಳಿ ಹೊರಗೆ ಬಂದಿದ್ದವು. ಎರಡರಲ್ಲಿ ಹೂ.

“ನೀನು ಇದನ್ನು ಇಲ್ಲಿಟ್ಟದ್ದು ಒಳ್ಳೆದಾಯ್ತು ಮಾರಾಯ್ತಿ” ಎಂದರು ಅತ್ತೆ, ಹೂ ಕೊಯ್ಯುತ್ತಾ. “ಇನ್ನು ದೇವರ ಹೂವಿಗೆ ಈ ಮಳೆಯಲ್ಲಿ ಅಂಗಳಕ್ಕೆ ಇಳಿಯುದು ಬೇಡ.”