ಕಾಲುಸಂಕಕ್ಕೊಂದು ಪೂರಕ ಅಂದಾಜು

ನಮ್ಮೂರ ಕಾಲುಸಂಕಕ್ಕೆ ಈವರೆಗೆ ಮೂರು ಸಲ ದುಡ್ಡು ಮಂಜೂರಾಗಿದೆ. ಸಂಕ ಮಾತ್ರ ಈಗಲೂ ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು, ಅಷ್ಟೇ. ಮಳೆಗಾಲದಲ್ಲಿ ಮರಕ್ಕೆ ಹಾವಸೆ ಹತ್ತುತ್ತದೆ. ಶಾಲೆಗೆ ಹೋಗುವ ಮಕ್ಕಳು ಚಪ್ಪಲಿಯನ್ನು ಚೀಲಕ್ಕೆ ಹಾಕಿ, ಬರಿಗಾಲಲ್ಲಿ ಒಬ್ಬರ ಹಿಂದೆ ಒಬ್ಬರು ದಾಟುತ್ತಾರೆ. ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿರುತ್ತದೆ.

ಮೂರು ಸಲವೂ ಆ ದುಡ್ಡು ಮಾರ್ಚ್ ಬಜೆಟ್ಟಿನಲ್ಲಿ ಬಂದದ್ದಲ್ಲ. ವರ್ಷದ ನಡುವೆ ಬಂದದ್ದು. ಇದಕ್ಕೆ ಪೂರಕ ಅಂದಾಜು ಅಂತ ಹೆಸರು ಎಂದು ನನಗೆ ಹೇಳಿಕೊಟ್ಟವರು ಭಾವ. ಶಿರಸಿಯಲ್ಲಿ ಖಜಾನೆ ನೌಕರಿ ಮಾಡಿ ನಿವೃತ್ತರಾದವರು. ಅಡಿಕೆ ಸುಲಿಯುತ್ತ ಕೂತಾಗ ಏನನ್ನಾದರೂ ಕೇಳಿದರೆ, ಕತ್ತಿ ನಿಲ್ಲಿಸದೆ ಸಂವಿಧಾನ ಹೇಳುತ್ತಾರೆ.

‘205ನೇ ವಿಧಿ ಇದ್ದು ಮಾರಾಯಾ,’ ಅಂದರು. ಮಂಜೂರಾದ ಹಣ ಸಾಲದೇ ಹೋದರೆ, ಅಥವಾ ಬಜೆಟ್ ಮಾಡುವಾಗ ಯೋಚನೆಯಲ್ಲೇ ಇರದ ಹೊಸ ಖರ್ಚು ಬಂದರೆ, ರಾಜ್ಯ ಸರ್ಕಾರ ಮತ್ತೆ ಸದನದ ಮುಂದೆ ಕೈ ಚಾಚಬಹುದು. ದೆಹಲಿಗೆ ಅದೇ ಕೆಲಸಕ್ಕೆ 115ನೇ ವಿಧಿ. ಇದರಲ್ಲಿ ತಪ್ಪೇನಿಲ್ಲ. ಜುಲೈನಲ್ಲಿ ಘಟ್ಟದ ಗುಡ್ಡ ರಸ್ತೆಗೆ ಜಾರಿದರೆ, ‘ಮುಂದಿನ ಮಾರ್ಚ್‌ವರೆಗೆ ಅಲ್ಲೇ ಇರು’ ಎಂದು ಗುಡ್ಡಕ್ಕೆ ಹೇಳಲು ಆಗುವುದಿಲ್ಲ.

ಆದರೆ ಸಂಬಳ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು, ಗುತ್ತಿಗೆದಾರರ ಬಾಕಿ ಇದೆ ಎನ್ನುವುದೂ ಡಿಸೆಂಬರಿನಲ್ಲೇ ಹೊಳೆದರೆ? ಚೌತಿ ಹಬ್ಬ ಬರುತ್ತದೆ ಎಂದು ಗಣಪತಿ ಮನೆಗೆ ಬಂದ ಮೇಲೆ ಗೊತ್ತಾದ ಹಾಗಾಯಿತು.

ಮಾರ್ಚ್ ಬಜೆಟ್ಟಿನ ಗತ್ತೇ ಬೇರೆ ಬಿಡಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಓದಿದರು. 4,09,549 ಕೋಟಿ ರೂಪಾಯಿಯದು. ಅವತ್ತು ನಮ್ಮ ಪೇಟೆಯ ಚಾದಂಗಡಿಯಲ್ಲೂ ಟಿವಿ ಮುಂದೆ ಜನ. ಉತ್ತರ ಕನ್ನಡಕ್ಕೆ ಏನು ಬಂತು, ಏನು ಬರಲಿಲ್ಲ ಎಂದು ಮರುದಿನ ಪೇಪರಿನಲ್ಲಿ ಪುಟಗಟ್ಟಲೆ. ಪೂರಕ ಅಂದಾಜಿಗೆ ಈ ಯಾವ ಮರ್ಯಾದೆಯೂ ಇಲ್ಲ. ಅದು ಮದುವೆ ಮನೆಗೆ ಹಿತ್ತಲ ಬಾಗಿಲಿಂದ ಬಂದು, ಕೊನೇ ಪಂಕ್ತಿಯಲ್ಲಿ ಉಂಡು, ಯಾರಿಗೂ ಹೇಳದೆ ಹೋಗುವ ನೆಂಟ. ಉಂಡದ್ದು ಮಾತ್ರ ಎರಡು ಎಲೆ.

ಸದನದಲ್ಲಿ ಇದು ಪಾಸಾಗುವುದನ್ನು ಒಮ್ಮೆ ನೋಡಬೇಕು. ಒಂದು ಕಡೆ ವಿರೋಧ ಪಕ್ಷದವರು ಬಾವಿಗಿಳಿದು ಘೋಷಣೆ ಕೂಗುತ್ತಿರುತ್ತಾರೆ. ಅದೂ ಬೇರೆ ಯಾವುದೋ ವಿಷಯಕ್ಕೆ. ಆ ಗಲಾಟೆಯ ನಡುವೆಯೇ ಬೇಡಿಕೆ ಸಂಖ್ಯೆ ಇಷ್ಟು, ಬೇಡಿಕೆ ಸಂಖ್ಯೆ ಅಷ್ಟು ಎಂದು ಓದಿ ಆಗುತ್ತದೆ. ಪರವಾಗಿರುವವರು ಹೌದು ಎನ್ನಿ. ಹೌದು. ಮುಗಿಯಿತು. ಬೆನ್ನಿಗೇ, ಖಜಾನೆಯಿಂದ ಆ ಹಣ ತೆಗೆಯಲು ಬೇಕಾದ ಧನವಿನಿಯೋಗ ವಿಧೇಯಕ. ನಮ್ಮೂರ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಚಾ ತಿಂಡಿಯ ಖರ್ಚಿಗೆ ಇದಕ್ಕಿಂತ ಜಾಸ್ತಿ ಹೊತ್ತು ಜಗಳ ನಡೆಯುತ್ತದೆ. ಒಬ್ಬರು ಎದ್ದು ನಿಂತು, ‘ಅವಲಕ್ಕಿ ಇಷ್ಟು ಕೇಜಿ ಯಾರು ತಿಂದಿದ್ದು?’ ಎಂದು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಸಮಿತಿಗಳು ಎಂತಕ್ಕಿವೆ? ಇವೆ, ಬೇಕಾದಷ್ಟಿವೆ. ದೆಹಲಿಯಲ್ಲಿ ಇಲಾಖೆಗಳಿಗೆ ಸಂಬಂಧಪಟ್ಟ ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದವು. ಈಗ 24 ಇವೆ, ಒಂದೊಂದರಲ್ಲಿ 31 ಸಂಸದರು. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟು, ಇವರು ಇಲಾಖೆಗಳ ಬೇಡಿಕೆಯನ್ನು ಕೂತು ಓದುತ್ತಾರೆ. ಒಳ್ಳೇ ಪದ್ಧತಿ. ಆದರೆ ಅದು ಮೊದಲ ಊಟಕ್ಕೆ ಮಾತ್ರ. ಆಮೇಲೆ ವರ್ಷದ ನಡುವೆ ಬರುವ ಪೂರಕ ಬೇಡಿಕೆಗಳಿಗೆ ಆ ಭಾಗ್ಯ ಇಲ್ಲ. ಅವು ನೇರವಾಗಿ ಸದನಕ್ಕೆ ಹೋಗುತ್ತವೆ. ಮುಂಬಾಗಿಲಲ್ಲಿ 24 ಜನ ಕಾವಲುಗಾರರು, ಹಿತ್ತಲ ಬಾಗಿಲಿಗೆ ಚಿಲಕವೂ ಇಲ್ಲ. ಮುಂಬಾಗಿಲ ಕಾವಲೂ ಕೆಲವೊಮ್ಮೆ ನಿದ್ದೆ ಹೋಗುತ್ತದೆ ಎನ್ನಿ. 2018ರ ಮಾರ್ಚ್ 14ರಂದು ಲೋಕಸಭೆ ಇಡೀ ದೇಶದ ಬಜೆಟ್ಟನ್ನೇ ಚರ್ಚೆಯಿಲ್ಲದೆ ಅರ್ಧ ತಾಸಿನಲ್ಲಿ ಮುಗಿಸಿತ್ತು. ಶಿರಸಿಯಿಂದ ಹೊರಟ ಬಸ್ಸು ಅಷ್ಟು ಹೊತ್ತಿಗೆ ದೇವಿಮನೆ ಘಟ್ಟವನ್ನೂ ಇಳಿದಿರುವುದಿಲ್ಲ.

ಇನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸಂಸತ್ತಿನಲ್ಲಿ 1967ರಿಂದ ವಿರೋಧ ಪಕ್ಷದವರೇ ಅದರ ಅಧ್ಯಕ್ಷರು. ಇದು ಕಚ್ಚುವ ಸಮಿತಿ. ಆದರೆ ಅದರ ಕೈಗೆ ಲೆಕ್ಕ ಬರುವುದು, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) ವರದಿ ಬರೆದು ಮುಗಿಸಿದ ಮೇಲೆ. ಅಷ್ಟರಲ್ಲಿ ದುಡ್ಡು ಹೋಗಿ, ದುಡ್ಡು ಕೊಟ್ಟ ಅಧಿಕಾರಿ ವರ್ಗವಾಗಿ, ಕೆಲವೊಮ್ಮೆ ಸರ್ಕಾರವೇ ಬದಲಾಗಿ ಹೋಗಿರುತ್ತದೆ. ಮಂಜೂರಿಗಿಂತ ಹೆಚ್ಚಿಗೆ ಖರ್ಚಾಗಿದ್ದರೆ ಅದಕ್ಕೂ ಅದೇ 205ನೇ ವಿಧಿಯಲ್ಲಿ ದಾರಿ ಇದೆ. ವರ್ಷಗಳಾದ ಮೇಲೆ ಸದನ ಅದನ್ನು ಸಕ್ರಮ ಮಾಡುತ್ತದೆ. ಮಗು ಹೈಸ್ಕೂಲಿಗೆ ಹೋದ ಮೇಲೆ ಮದುವೆ ಕಾಗದ ಅಚ್ಚು ಹಾಕಿಸಿದ ಹಾಗೆ.

ನನಗೆ ನಿಜವಾಗಿ ತಲೆ ತಿರುಗಿದ್ದು ಮಹಾಲೇಖಪಾಲರ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿಗೆ. ಇಂಥ ಇಲಾಖೆ ಪೂರಕವಾಗಿ ಇಷ್ಟು ಕೋಟಿ ತೆಗೆದುಕೊಂಡಿತು, ಆದರೆ ವರ್ಷದ ಕೊನೆಯ ಖರ್ಚು ಮೂಲ ಬಜೆಟ್ಟಿನ ಮಟ್ಟಕ್ಕೂ ಬರಲಿಲ್ಲ, ಹಾಗಾಗಿ ಪೂರಕ ಹಣ ಅನಗತ್ಯವಾಗಿತ್ತು. ಇದನ್ನು ನಾನು ಎರಡೆರಡು ಸಲ ಓದಿದೆ. ಮೊದಲು ಬಡಿಸಿದ ಅನ್ನ ಎಲೆಯಲ್ಲಿ ಹಾಗೇ ಇದೆ. ‘ಇನ್ನೊಂದು ಸುತ್ತು ಬರ್ಲಿ’ ಎಂದು ಕೂಗಿದ್ದಾರೆ. ಬಡಿಸಿದ್ದಾರೆ. ಆಮೇಲೆ ಎರಡನ್ನೂ ಬಿಟ್ಟು ಎದ್ದಿದ್ದಾರೆ.

‘ಹಾಗಾದ್ರೆ ಕೇಳಿದ್ದು ಎಂತಕ್ಕೆ ಭಾವ?’

‘ಕೇಳೋದು ಬೇರೆ, ಖರ್ಚು ಮಾಡೋದು ಬೇರೆ,’ ಅಂದರು. ‘ಕೇಳದಿದ್ರೆ ಮುಂದಿನ ವರ್ಷ ಕಡಿಮೆ ಕೊಡ್ತಾರೆ.’

ನಮ್ಮ ಕಾಲುಸಂಕದ ಕಥೆಯೂ ಇದೇ. ದುಡ್ಡು ಮಂಜೂರಾದದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ ಅಂದಾಜು ಪಟ್ಟಿ ಮಾಡಲು ಟೇಪು ಹಿಡಿದು ಒಬ್ಬರು ಬಂದರು. ಆಗ ತಕರಾರು ಎದ್ದಿತು. ಇದು ಹೊಸ ಸೇತುವೆಯಾದರೆ ಲೆಕ್ಕ ಶೀರ್ಷಿಕೆ 5054, ಬಂಡವಾಳ ವೆಚ್ಚ. ದುರಸ್ತಿಯಾದರೆ 3054, ರಾಜಸ್ವ ವೆಚ್ಚ. ದುರಸ್ತಿ ಎನ್ನಲು ದಾಖಲೆಯಲ್ಲಿ ಸೇತುವೆಯೇ ಇಲ್ಲ. ಹೊಸದು ಎನ್ನಲು, ಬಂದವರು ಅದರ ಮೇಲೇ ನಡೆದು ಆಚೆ ದಡಕ್ಕೆ ಹೋಗಿ ಅಳತೆ ತೆಗೆದುಕೊಂಡಿದ್ದಾರೆ. ‘ಇದು ಲೋಕೋಪಯೋಗಿನೋ, ಜಿಲ್ಲಾ ಪಂಚಾಯ್ತಿನೋ?’ ಎಂದು ನನ್ನನ್ನೇ ಕೇಳಿದರು. ‘ಅಡಿಕೆ ಮರ’ ಅಂದೆ. ಅವರಿಗೆ ನಗು ಬರಲಿಲ್ಲ.

ಫೆಬ್ರವರಿ ಫೈಲಿನಲ್ಲಿ ಹೋಯಿತು. ಮಾರ್ಚ್ 31 ಬಂತು. ಅವತ್ತಿನೊಳಗೆ ಖರ್ಚಾಗದ ದುಡ್ಡು ಸರೆಂಡರ್, ಅಂದರೆ ಸರ್ಕಾರಕ್ಕೆ ವಾಪಸ್. ವರ್ಷದ ಕೊನೆಗೆ ಖರ್ಚಿನ ನೂಕುನುಗ್ಗಲು ಹಣಕಾಸಿನ ಶಿಸ್ತಿಗೆ ಭಂಗ ಎಂದು ಕೇಂದ್ರದ ನಿಯಮದಲ್ಲೇ ಬರೆದಿದೆ. ಕೊನೆಯ ಮೂರು ತಿಂಗಳಲ್ಲಿ ಶೇ. 33, ಮಾರ್ಚ್ ಒಂದರಲ್ಲೇ ಶೇ. 15 ದಾಟಬಾರದು ಎಂಬ ಮಿತಿಯೂ ದೆಹಲಿಯ ಇಲಾಖೆಗಳಿಗೆ ಇದೆ. ನಮ್ಮ ಸಂಕ ಬಹಳ ಶಿಸ್ತಿನದ್ದು. ಮೂರು ವರ್ಷವೂ ಶೇ. ಸೊನ್ನೆ ದಾಟಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು.

ಇದನ್ನೆಲ್ಲ ಯಾರಿಗಾದರೂ ಹೇಳೋಣ ಎಂದುಕೊಂಡಿರುವಾಗ ಬೆಂಗಳೂರಿನಿಂದ ಒಂದು ಸಮಿತಿ ಕಾರವಾರಕ್ಕೆ ಬರುವ ಸುದ್ದಿ ಬಂತು. ಯಾವ ಸಮಿತಿ ಎಂದು ಹೇಳುವುದಿಲ್ಲ, ನಾಳೆ ನಾನು ಅದೇ ಕಚೇರಿಗಳ ಮೆಟ್ಟಿಲು ಹತ್ತಬೇಕು. ಸಮಿತಿಗಳು ನಮ್ಮ ಜಿಲ್ಲೆಗೆ ಚಳಿಗಾಲದಲ್ಲಿ ಬರುತ್ತವೆ. ಆಗ ಸಮುದ್ರ ತಣ್ಣಗಿರುತ್ತದೆ, ಮೀನೂ ಚೆನ್ನಾಗಿರುತ್ತದೆ. ಆಷಾಢದಲ್ಲಿ ಬಂದು ಕಾಲುಸಂಕ ದಾಟಿದ ಸಮಿತಿಯನ್ನು ನಾನು ಕಂಡಿಲ್ಲ.

ನಾನೂ ಭಾವನೂ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ ಬದಲಿಸಿ, ಅಂಕೋಲೆಯಲ್ಲಿ ಚಾ ಕುಡಿದು ಕಾರವಾರ ಮುಟ್ಟಿದೆವು. ಅತಿಥಿಗೃಹದಿಂದ ಸಭೆಯ ಜಾಗದವರೆಗೆ ರಸ್ತೆಗೆ ರಾತ್ರೋರಾತ್ರಿ ಡಾಂಬರು ಬಿದ್ದಿತ್ತು. ಇನ್ನೂ ಬಿಸಿ. ಭಾವನ ಚಪ್ಪಲಿಗೆ ಅಂಟಿಕೊಂಡಿತು. ಡಾಂಬರು ಎಲ್ಲಿ ನಿಂತಿತ್ತೋ ಅಲ್ಲಿಂದ ಒಂದೇ ಹೆಜ್ಜೆಗೆ ಹಳೇ ಹೊಂಡ ಶುರು.

‘ಇದರ ದುಡ್ಡು ಎಲ್ಲಿಂದ ಭಾವ?’

ಅವರು ಕಡ್ಡಿಯಿಂದ ಚಪ್ಪಲಿ ಕೆರೆಯುತ್ತ, ‘ಮುಂದಿನ ಪೂರಕ ಅಂದಾಜು,’ ಅಂದರು.

ಸಭೆಯಲ್ಲಿ ನಮಗೆ ಹಿಂದಿನ ಕುರ್ಚಿ ಸಿಕ್ಕಿತು. ಒಬ್ಬ ಸದಸ್ಯರು ಮಾತ್ರ ನಿಜವಾಗಿಯೂ ಪುಸ್ತಕ ಓದಿಕೊಂಡು ಬಂದಿದ್ದರು. ಪುಟದಲ್ಲಿ ಬೆರಳಿಟ್ಟು ಕೇಳಿದರು: ಮಾರ್ಚ್‌ನಲ್ಲಿ ಕೊಟ್ಟಿದ್ದರಲ್ಲೇ ಅರ್ಧ ಉಳಿದಿರುವಾಗ ಡಿಸೆಂಬರಿನಲ್ಲಿ ಮತ್ತೆ ಯಾಕೆ ಕೇಳಿದಿರಿ? ಸಭೆ ಸುಮ್ಮನಾಯಿತು. ಫ್ಯಾನಿನ ಸದ್ದು ಕೇಳುವಷ್ಟು. ಮುಂದಿನ ಸಾಲಿನ ಅಧಿಕಾರಿ ಹಿಂದಿನ ಸಾಲಿನವರನ್ನು ನೋಡಿದರು. ಅವರು ತಮ್ಮ ಹಿಂದೆ ನೋಡಿದರು. ಅವರ ಹಿಂದೆ ನಾವಿಬ್ಬರೇ ಇದ್ದೆವು. ‘ಮುಂದಿನ ಸಭೆಗೆ ಮಾಹಿತಿ ಕೊಡ್ತೇವೆ ಸಾರ್,’ ಎಂದರು ಯಾರೋ. ಅಷ್ಟರಲ್ಲಿ ಊಟ ತಯಾರಾಗಿದೆ ಎಂಬ ಸುದ್ದಿ ಬಂತು. ಒಳಗೆ ಪಾಪ್ಲೆಟ್ ಫ್ರೈ ವಾಸನೆಯೂ ಬಂತು. ಆ ಸದಸ್ಯರು ಪುಸ್ತಕ ಮುಚ್ಚಿದರು. ಪಾಪ, ಅವರಾದರೂ ಎಷ್ಟು ಹೊತ್ತು ತಡೆದಾರು.

ಈ ಜೂನ್‌ಗೆ ಮೊದಲು ಊರಿನವರೇ ಸಂಕ ಕಟ್ಟಿದೆವು. ಮನೆಗೊಂದು ಆಳು, ಮೇಲಿನ ತೋಟದವರದ್ದು ಎರಡು ಮರ. ಬೆಳಿಗ್ಗೆ ಆಸ್ರಿ ಮುಗಿಸಿ ಶುರು ಮಾಡಿದ್ದು, ಮಧ್ಯಾಹ್ನದ ಊಟಕ್ಕೆ ಮೊದಲು ಆಯಿತು. ಮರ ಸ್ವಲ್ಪ ಗಿಡ್ಡ ಎನಿಸಿ, ಕೆಳಗಿನ ಮನೆಯವರು ಕೇಳುವ ಮೊದಲೇ ಇನ್ನೊಂದು ಮರ ಹೊತ್ತು ತಂದರು. ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಮೊದಲು ದಾಟಿದರು. ನಡುವೆ ನಿಂತು ಒಂದು ಸಲ ಕುಪ್ಪಳಿಸಿ ನೋಡಿ ಅಲ್ಲಿಂದಲೇ ಕೂಗಿದರು:

‘ಈ ಮೂರನೇ ಮರ ಯಾವ ಲೆಕ್ಕಕ್ಕೆ ಹಾಕದು, 3054ಕ್ಕೋ 5054ಕ್ಕೋ?’