ಅವನು ಇವಳಿಗೆ ಏನಾಗಬೇಕು?

ಧಾರವಾಡದಿಂದ ಚಿಗರಿ ಎಂಬ ಎ.ಸಿ. ಬಸ್ ಹತ್ತಿ ಹುಬ್ಬಳ್ಳಿಯ ಹೊಸೂರಿಗೆ ಟಿಕೆಟ್ ತೆಗೆಸಿದವನು ಒಮ್ಮೆ ನಡುವಿನ ನವನಗರದಲ್ಲೇ ಇಳಿದುಬಿಟ್ಟೆ. 2019ರ ಮಳೆಗಾಲ. ‘ಡಾರ್ಕ್’ ಎಂಬ ಜರ್ಮನ್ ಧಾರಾವಾಹಿಯ ಎರಡನೆಯ ಸೀಸನ್ ಆಗಷ್ಟೇ ಬಂದಿತ್ತು, ನಾನು ಐದನೆಯ ಕಂತಿನಲ್ಲಿದ್ದೆ. ಮುಂದಿನ ಸೀಟಿನ ಇಬ್ಬರು ಹುಡುಗಿಯರು ಎಂಟನ್ನೂ ಮುಗಿಸಿದ್ದರು. ಹಳೆಯ ಬಸ್ಸಾಗಿದ್ದರೆ ಕಿಟಕಿಗಳ ಗಡಗಡದಲ್ಲಿ ಅವರ ಮಾತು ಅಡಗಿಹೋಗುತ್ತಿತ್ತು. ಎ.ಸಿ. ಬಸ್ಸಿನಲ್ಲಿ ಪಿಸುಮಾತೂ ಮೈಕಿನಲ್ಲಿ ಬಂದಂತೆ ಕೇಳಿಸುತ್ತದೆ. ‘ಹಾಗಾದರೆ ಅವಳ ತಾಯಿ ಯಾರು ಅಂದರೆ...’ ಎಂದು ಒಬ್ಬಳು ಶುರು ಮಾಡಿದ್ದೇ ತಡ, ಬಾಗಿಲು ತೆರೆಯಿತು, ನಾನು ಹಾರಿಕೊಂಡೆ. ಅವರ ನಿಲ್ದಾಣವೂ ಅದೇ ಆಗಿತ್ತು. ಉಳಿದ ಅರ್ಧ ವಾಕ್ಯ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಬೆನ್ನ ಹಿಂದೆಯೇ ಪೂರ್ಣವಾಯಿತು.

ಆ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಸಾಧನಕೇರಿ ದಂಡೆಯಲ್ಲಿ ಭಾನುವಾರ ಸಂಜೆ ಸೇರುತ್ತಿದ್ದ ನಮ್ಮ ಐದು ಜನರ ಗುಂಪಿನಲ್ಲಿ ಅದಕ್ಕೆ ದಂಡವಿತ್ತು: ಎಲ್ಲರೂ ನೋಡಿ ಮುಗಿಸುವ ಮೊದಲು ಬಾಯಿ ಬಿಟ್ಟವನು ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ಕೊಡಿಸಬೇಕು. ನಾನು ಎರಡು ಸಲ ಕೊಡಿಸಿದ್ದೇನೆ. ಗುಂಪಿನಲ್ಲೊಬ್ಬರು ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಆ ಧಾರಾವಾಹಿಯ ವಂಶವೃಕ್ಷ ಬರೆದಿಟ್ಟುಕೊಂಡಿದ್ದರು. ವಾರವಾರಕ್ಕೂ ಗೆರೆಗಳು ಹೆಚ್ಚಿ, ಕೊನೆಗೆ ಅದು ಬೆಕ್ಕು ಆಡಿದ ನೂಲಿನ ಉಂಡೆಯಂತಾಗಿತ್ತು.

ನೋಡದವರಿಗೆ ಹೇಳಬಹುದಾದಷ್ಟನ್ನು ಹೇಳುತ್ತೇನೆ. ವಿಂಡನ್ ಎಂಬ ಊರು, ಸದಾ ಜಿಟಿಜಿಟಿ ಮಳೆ (ಇದೊಂದರಿಂದಲೇ ಧಾರವಾಡದವರಿಗೆ ಅದು ಸ್ವಂತ ಊರಿನಂತೆ ಕಾಣುತ್ತದೆ), ಒಂದು ಅಣುಸ್ಥಾವರ, ಒಂದು ಗುಹೆ. ಗುಹೆಯಲ್ಲಿ ಹೊಕ್ಕವರು 33 ವರ್ಷ ಹಿಂದಕ್ಕೋ ಮುಂದಕ್ಕೋ ಹೋಗಿ ಬೀಳುತ್ತಾರೆ: 2019, 1986, 1953. ಹೀಗಾಗಿ ಇಂದು ಶಾಲೆಗೆ ಹೋಗುವ ಹುಡುಗ ಮೂವತ್ಮೂರು ವರ್ಷ ಹಿಂದಿನ ಊರಿನಲ್ಲಿ ಯಾರಿಗೆ ಏನಾಗಬೇಕು ಎಂಬುದೇ ಇಡೀ ಕಥೆ. ಮೂರು ಸೀಸನ್, ಒಟ್ಟು 26 ಕಂತು.

ಮುಂದಿನ ಕಥೆಯನ್ನು ಯಾರಾದರೂ ಮೊದಲೇ ಹೇಳಿಬಿಟ್ಟಾರೆಂಬ ಪೀಡೆ ನಮ್ಮ ಬಾಲ್ಯದಲ್ಲಿ ಇರಲಿಲ್ಲ. ಎಂಬತ್ತರ ದಶಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಅಂತರಿಕ್ಷ ಹಡಗಿನ ಧಾರಾವಾಹಿ ಬರುತ್ತಿತ್ತು. ಅಮೆರಿಕದಲ್ಲಿ 1966ರಲ್ಲಿ ಆರಂಭವಾಗಿ 79 ಕಂತುಗಳಿಗೆ ನಿಂತುಹೋದದ್ದು ನಮ್ಮ ಓಣಿಗೆ ತಲುಪುವ ಹೊತ್ತಿಗೆ ಹಳತಾಗಿತ್ತು. ಅದು ನಮಗೇನು ಗೊತ್ತು? ಓಣಿಗೆ ಒಂದೇ ಟಿವಿ, ನೋಡುವವರೆಲ್ಲ ಒಟ್ಟಿಗೇ ನೋಡಬೇಕು; ಕರೆಂಟ್ ಹೋದರೆ ಎಲ್ಲರಿಗೂ ಒಟ್ಟಿಗೇ ಹೋಗಬೇಕು. ಬಾರದೆ ಉಳಿದ ಹುಡುಗರು ಸೋಮವಾರ ಶಾಲೆಯಲ್ಲಿ ಶೇಂಗಾ ಚಿಕ್ಕಿ ಕೊಟ್ಟು ಕಥೆ ಹೇಳಿಸಿಕೊಳ್ಳುತ್ತಿದ್ದರು. ಇಂದು ದಂಡ ಬೀಳುವ ಕೆಲಸಕ್ಕೆ ಅಂದು ಚಿಕ್ಕಿ ಸಿಗುತ್ತಿತ್ತು. ಚೂಪು ಕಿವಿಯ ಸ್ಪಾಕ್‌ನ ಮಾತೊಂದೂ ನನಗೆ ಅರ್ಥವಾಗುತ್ತಿರಲಿಲ್ಲ. ಚಿಕ್ಕಿಯ ಋಣಕ್ಕೆ ಅವನ ಬಾಯಲ್ಲಿ ಏನೇನನ್ನೋ ಆಡಿಸಿದ್ದೇನೆ.

ಬಹಳ ವರ್ಷಗಳ ಮೇಲೆ ತಿಳಿದ ಸಂಗತಿಯೊಂದಿದೆ. ಆ ಹಡಗಿನಲ್ಲಿ ನಾಯಕನಿಗೆ ಬಂಗಾರದ ಬಣ್ಣದ ಅಂಗಿ, ಸ್ಪಾಕ್‌ನಂಥ ವಿಜ್ಞಾನದವರಿಗೆ ನೀಲಿ, ಯಂತ್ರ ನೋಡಿಕೊಳ್ಳುವವರಿಗೂ ಕಾವಲಿನವರಿಗೂ ಕೆಂಪು. ಗೊತ್ತಿಲ್ಲದ ಗ್ರಹಕ್ಕೆ ಇಳಿದಾಗ ಹೆಸರಿಲ್ಲದ ಕೆಂಪಂಗಿಯವನು ಬದುಕಿ ಬರುವುದು ಕಷ್ಟ ಎಂಬುದು ಅಭಿಮಾನಿಗಳ ನಡುವಿನ ಹಳೆಯ ನಗೆಮಾತು. ಅಂಗಿ ನೋಡಿದರೆ ಸಾಕು, ಮುಂದಿನದು ತಿಳಿಯುತ್ತದೆ. ನಮ್ಮ ಓಣಿಯ ಟಿವಿಯಲ್ಲಿ ಎಲ್ಲರ ಅಂಗಿಯೂ ಬೂದಿ ಬಣ್ಣ. ಯಾರು ಸಾಯುತ್ತಾರೆಂದು ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಬಣ್ಣದ ಟಿವಿ ಇದ್ದವರನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ ಎಂದು ಈಗ ನಗು ಬರುತ್ತದೆ.

‘ಡಾರ್ಕ್’ನ ಕೊನೆಯ ಸೀಸನ್ ಬಂದದ್ದು 2020ರ ಜೂನ್ 27ರಂದು. ಕಥೆಯೊಳಗೆ ಪ್ರಳಯವಾಗುವ ದಿನವೂ ಅದೇ. ಬೇಕೆಂದೇ ಆ ದಿನ ಹಿಡಿದಿದ್ದರು. ಹೊರಗೆ ಕೊರೋನಾ ಇದ್ದುದರಿಂದ ನಮಗೆ ಆ ತಾರೀಖನ್ನು ನಂಬುವುದು ಕಷ್ಟವಾಗಲಿಲ್ಲ. ರಾಣೇಬೆನ್ನೂರಿನಿಂದ ಬಂದು ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ತಂಗಿಯ ಮಗ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಅದು ಬಂದದ್ದೇ ಕೋಣೆಯ ಬಾಗಿಲು ಹಾಕಿಕೊಂಡ. ರಾತ್ರಿ ಊಟಕ್ಕೆ ಬಂದಾಗ ಮುಖದ ಮೇಲೆ ಎಂಟೂ ಕಂತು ಇದ್ದವು. ನಾವು ದಿನಕ್ಕೊಂದರಂತೆ ನೋಡುವುದೆಂದು ತೀರ್ಮಾನವಾಗಿತ್ತು. ‘ಮಾಮಾ, ನಾನೇನೂ ಹೇಳುವುದಿಲ್ಲ’ ಎಂದು ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡ. ಹುಡುಗನ ಕಷ್ಟ ನೋಡಲಾಗುತ್ತಿರಲಿಲ್ಲ.

ಆದರೆ ನಾವು ಆಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಯಿ ನನ್ನ ಅವ್ವನ ತಾಯಿ. ಅಪ್ಪನಿಗೆ ಸ್ವಂತ ಅಕ್ಕ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದದ್ದರಿಂದ ಆಯಿ ನನಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಅಪ್ಪನ ತಾಯಿ ನನಗೆ ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಸಂಬಂಧಗಳನ್ನು ಇಷ್ಟು ಗಂಟು ಹಾಕಲು ಜರ್ಮನಿಯವರು ಗುಹೆ, ಅಣುಸ್ಥಾವರ, ಕಾಲಯಂತ್ರ ಎಲ್ಲ ತಂದರು. ನಮ್ಮ ಮನೆಯಲ್ಲಿ ನಾಲ್ಕು ಅಕ್ಷತೆ ಕಾಳಿಗೆ ಮುಗಿದಿತ್ತು.

ಆಯಿ ಹೂಬತ್ತಿ ಹೊಸೆಯುತ್ತ ಕೂಡುತ್ತಿದ್ದಳು. ಜರ್ಮನ್ ಇರಲಿ, ಇಂಗ್ಲಿಷ್ ಅಕ್ಷರವೂ ಬಾರದು. ಹೊಸ ಮುಖ ಕಂಡಾಗಲೆಲ್ಲ ಒಂದೇ ಪ್ರಶ್ನೆ: ‘ಅವನು ಇವಳಿಗೆ ಏನಾಗಬೇಕು?’ ಹುಡುಗ ತೂಗಿ ಅಳೆದು, ಅಂದಿನ ಕಂತಿನವರೆಗಿನದನ್ನು ಮಾತ್ರ ಹೇಳುತ್ತಿದ್ದ. ಸ್ಪಾಯ್ಲರ್ ಎಂದರೆ ಮುಂದಿನದನ್ನು ಮೊದಲೇ ಹೇಳಿ ಕಥೆ ಕೆಡಿಸುವುದು ಎಂದೂ ವಿವರಿಸಿದ. ‘ಅನ್ನ ಹಳಸುತ್ತದೆ. ಕಥೆ ಹೇಗೆ ಹಳಸುತ್ತದೆ?’ ಎಂದು ಆಯಿ ಬತ್ತಿ ಕೆಳಗಿಟ್ಟಳು. ಅವಳ ತವರು ಗದಗ. ಕುಮಾರವ್ಯಾಸನ ವೀರನಾರಾಯಣ ಗುಡಿಯಲ್ಲಿ ಭಾರತ ಓದುವುದನ್ನು ಕೇಳುತ್ತ ಬೆಳೆದವಳು. ‘ಭೀಷ್ಮ ತನ್ನನ್ನು ಹೇಗೆ ಬೀಳಿಸಬೇಕೆಂದು ಪಾಂಡವರಿಗೆ ತಾನೇ ಹೇಳಿಕೊಟ್ಟ. ಅದನ್ನು ಕೇಳಿ ಗುಡಿಯಿಂದ ಯಾರೂ ಎದ್ದು ಹೋಗಲಿಲ್ಲ.’

ಹುಡುಗನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ನನ್ನ ಹತ್ತಿರ ಒಂದಿತ್ತು: ಭೀಷ್ಮ ಹೇಳಬಹುದು, ಪಕ್ಕದ ಸೀಟಿನವರು ಹೇಳಬಾರದು. ಆಯಿಯ ಎದುರು ಹೇಳುವ ಧೈರ್ಯವಾಗಲಿಲ್ಲ.

ನಾಲ್ಕನೆಯ ದಿನ ಆಯಿ ಹುಣಸೆ ಬೀಜದ ಡಬ್ಬಿ ತರಿಸಿಕೊಂಡಳು. ಟಿವಿ ನಿಲ್ಲಿಸಿ ಎಂದಳು. ಹಾಸುಗಲ್ಲಿನ ಮೇಲೆ ಬೀಜಗಳನ್ನು ಸಾಲು ಹಿಡಿದು ಜೋಡಿಸಿದಳು: ಮೇಲೆ ಹಿರಿಯರು, ನಡುವೆ ಅವರ ಮಕ್ಕಳು, ಕೆಳಗೆ ಮೊಮ್ಮಕ್ಕಳು. ಹೆಸರು ಒಂದೂ ಬಾರದು. ‘ಈ ಗಡ್ಡದವನು’, ‘ಈ ಮೂಕ ಹುಡುಗಿ’, ‘ಆ ಹಳದಿ ಕೋಟು’ ಎಂದು ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು. ಒಂದು ಬೀಜದ ಸಿಪ್ಪೆ ಅರ್ಧ ಸುಲಿದು ಬಿಳುಪು ಕಾಣುತ್ತಿತ್ತು. ಅದರ ಮೇಲೆ ಬೆರಳು ನಿಂತಿತು. ತುಸು ಹೊತ್ತು ಹಾಗೇ ಇಟ್ಟುಕೊಂಡು, ‘ಇವಳು ಇಲ್ಲಿಯವಳಲ್ಲ’ ಎಂದು ಅದನ್ನು ಕೆಳಸಾಲಿನಿಂದ ಎತ್ತಿ ಎಲ್ಲಕ್ಕಿಂತ ಮೇಲೆ, ಹಿರಿಯರ ನೆತ್ತಿಯ ಮೇಲೆ ಇಟ್ಟಳು.

ನಾನು ನಕ್ಕೆ. ಹುಡುಗ ನಗಲಿಲ್ಲ. ಒಗ್ಗರಣೆ ಅವಲಕ್ಕಿಯ ತುತ್ತು ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು. ನಾಲ್ಕು ದಿನ ಕಾಪಾಡಿದ್ದ ಗುಟ್ಟನ್ನು ಅವನ ಮುಖ ಒಂದು ಕ್ಷಣದಲ್ಲಿ ಬಿಟ್ಟುಕೊಟ್ಟಿತು. ದಂಡ ಯಾರು ಕೊಡಬೇಕೆಂದು ಬಹಳ ಚರ್ಚೆಯಾಯಿತು. ಆಯಿ ನೋಡಿರಲಿಲ್ಲ, ಹುಡುಗ ಹೇಳಿರಲಿಲ್ಲ. ಫೋನಿನಲ್ಲಿ ಕೇಳಿದಾಗ ಗುಂಪಿನವರು ನನ್ನ ಹೆಸರಿಗೇ ಬರೆದುಕೊಂಡರು.

ಎಂಟನೆಯ ರಾತ್ರಿ ಕೊನೆಯ ಕಂತು ಮುಗಿದಾಗ ಯಾರೂ ಮಾತಾಡಲಿಲ್ಲ. ಮೂಲೆಯಲ್ಲಿ ಹಾಗೇ ಇದ್ದ ಬೀಜಗಳ ಹತ್ತಿರ ಆಯಿ ಸರಿದು, ಒಂದೊಂದನ್ನೇ ಎತ್ತಿ ಡಬ್ಬಿಗೆ ಹಾಕತೊಡಗಿದಳು. ಕೆಲವನ್ನು ಎತ್ತಲಿಲ್ಲ. ಹುಡುಗ ಬಗ್ಗಿ ಎಣಿಸಿ, ಹೌದೆಂದು ತಲೆಯಾಡಿಸಿದ. ಎಷ್ಟು ಉಳಿದಿದ್ದವು ಎಂದು ಹೇಳುವಂತಿಲ್ಲ, ಈಗಾಗಲೇ ಮೂರು ಗಿರ್ಮಿಟ್ಟಿನ ಸಾಲವಾಗಿದೆ. ಬೆಳಿಗ್ಗೆ ಕಸ ಗುಡಿಸುವಾಗ ಅವ್ವ ಅವನ್ನೂ ಆಯ್ದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.