ಹಗ್ಗ ಇಲ್ದ ಕೆಂಚ ಬಸ್ ಹೆಂಗ ಹತ್ತಿದ?

ಇವತ್ತು ಮುಂಜಾನೆ ತಾಲೂಕು ಆಸ್ಪತ್ರೆಗೆ ಹೋಗಿ ಮಗಳಿಗೆ ನಾಯಿ ಸೂಜಿ (ಹುಚ್ಚುನಾಯಿ ರೋಗದ ಲಸಿಕೆ) ಮೂರನೇ ಸಲ ಹಾಕಿಸಿಕೊಂಡು ಬಂದೆ. ಬಂದಾಗಿಂದ ಕೈಗೆ ಕೆಲಸ ಹತ್ತವಲ್ದು. ಬರೆದು ಬಿಟ್ಟರೇ ಸಮಾಧಾನ ಅಂತ ಕೂತಿದ್ದೇನೆ.

ಪಾಳಿಯಲ್ಲಿ ನಮ್ಮ ಮುಂದೆ ಒಬ್ಬ ತಾಯಿ, ಕಂಕುಳಲ್ಲಿ ನಾಲ್ಕು ವರ್ಷದ ಮಗ. "ಸೂಜಿ ಮಾಡಂಗಿಲ್ಲಪ್ಪ, ಡಾಕ್ಟರ್ ಬರೇ ನೋಡ್ತಾರ, ಚಾಕಲೇಟ್ ಕೊಡ್ತಾರ" ಅಂತ ಅರ್ಧ ತಾಸು ಹೇಳಿದಳು. ಸುತ್ತ ಕೂತ ಹೆಂಗಸರೂ ದನಿಗೂಡಿಸಿದರು. ಹುಡುಗ ನಂಬಿ ನಗುನಗುತ್ತ ಒಳಗೆ ಹೋದ. ಎರಡು ನಿಮಿಷಕ್ಕೆ ಚೀರಾಟ. ಹೊರಗೆ ಬಂದವನು ಚುಚ್ಚಿದವರ ಕಡೆ ತಿರುಗಿಯೂ ನೋಡಲಿಲ್ಲ, ತನ್ನ ಅವ್ವನ ಎದೆಗೆ ಗುದ್ದಿ ಗುದ್ದಿ ಅತ್ತ.

ನನ್ನ ಮಗಳು ಅದನ್ನೆಲ್ಲ ನೋಡಿ ನನ್ನ ಕಡೆ ತಿರುಗಿದಳು. "ಅವ್ವಾ, ನನಗ ನೋವಾಗತೈತೇನು?"

"ಆಗತೈತಿ. ಐದು ಎಣಿಸೋತನಕ ಆಗತೈತಿ, ಆಮ್ಯಾಲೆ ಕಡಿಮಿ ಆಕ್ಕೈತಿ" ಅಂದೆ.

ಚರ್ಮದೊಳಗೆ ಕೊಡುವ ಲಸಿಕೆ ಅದು, ಎರಡೂ ತೋಳಿಗೆ ಚುಚ್ಚುತ್ತಾರೆ. ಒಂದು ತೋಳಿಗೆ ಐದು ಎಣಿಸಿದಳು, ಇನ್ನೊಂದು ತೋಳಿಗೆ ಐದು. ಮೂರಕ್ಕೇ ಕಣ್ಣೀರು ಬಂತು, ಎಣಿಕೆ ಮಾತ್ರ ಬಿಡಲಿಲ್ಲ.

ಒಂದು ತಿಂಗಳ ಹಿಂದೆ ಆಗಿದ್ದರೆ ನಾನೂ ಆ ತಾಯಿ ಹೇಳಿದ್ದನ್ನೇ ಹೇಳುತ್ತಿದ್ದೆ. ಅದಕ್ಕಿಂತ ದೊಡ್ಡದನ್ನೇ ಹೇಳಿದ್ದೇನೆ, ಅದನ್ನೇ ಬರೆಯಬೇಕಿದೆ.

ನಮ್ಮದು ನಿಮಗೆ ಗೊತ್ತಿರುವಂಥದ್ದೇ. ಕುಷ್ಟಗಿ ಕಡೆ ನಾಲ್ಕು ಎಕರೆ ಮಸಾರಿ ಹೊಲ, ಎರಡು ಆಕಳು, ಐದಾರು ಆಡು, ಅಂಗಳ ತುಂಬ ಜವಾರಿ ಕೋಳಿ. ಮಳೆ ನಂಬಿಕೊಂಡ ಹೊಲ. ಮಳೆ ಕೈಕೊಟ್ಟ ವರ್ಷ ಸಂಸಾರ ನಡೆಸುವುದು ಆಡು. ಬಡವರ ಆಕಳು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಬಕ್ರೀದ್ ಹತ್ತಿರ ಬಂದಾಗ ಹೋತಕ್ಕೆ ರೇಟು ಏರುತ್ತದೆ, ಮುಂಗಾರಿಯ ಬೀಜ, ಗೊಬ್ಬರಕ್ಕೂ ಅದೇ ಹೊತ್ತಿಗೆ ರೊಕ್ಕ ಬೇಕಾಗುತ್ತದೆ. ಹಾಗಾಗಿ ನಮ್ಮ ಹೋತ ಕೆಂಚನನ್ನು ಮಾರಿದೆವು. ಅಮೀನಗಡದ ಸಂತೆಗೆ ಒಯ್ದರು, 11,500 ರೂಪಾಯಿ ಬಂತು. ಹೆಸರು, ಸಜ್ಜೆ ಬೀಜ ಅದರಲ್ಲೇ ಬಂದವು. ಮಾರಿದ್ದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ.

ಆದರೆ ಕೆಂಚ ಮಗಳ ಕೈಯಲ್ಲಿ ಬೆಳೆದವನು. ಅವನು ಹುಟ್ಟಿದಾಗ ಅಕಿಗೆ ನಾಲ್ಕು ವರ್ಷ. ತಾಯಿ ಆಡಿಗೆ ಐದು ತಿಂಗಳು ತುಂಬುವುದನ್ನು ಕಾದು, ಈಯುವ ರಾತ್ರಿ ನನ್ನ ಸೆರಗು ಹಿಡಿದು ದೊಡ್ಡಿಯಲ್ಲೇ ಕೂತಿದ್ದಳು. ಮಾಸು ಬೀಳುವ ತನಕ ಅಲ್ಲಾಡಲಿಲ್ಲ. ಮೈ ಒರೆಸಲು ತನ್ನದೇ ಹಳೇ ಫ್ರಾಕ್ ತಂದುಕೊಟ್ಟಳು. ಕೆಂಪು ಬಣ್ಣದ ಮರಿ, ಕೆಂಚ ಅಂತ ಹೆಸರಿಟ್ಟವಳೂ ಅಕಿಯೇ.

ಸಂತೆಗೆ ಒಯ್ಯುವ ದಿನ "ಅಕಿ ಏಳೋದರೊಳಗ ಒಯ್ರಿ" ಅಂತ ಯಜಮಾನರಿಗೆ ಹೇಳಿದವಳು ನಾನೇ. ನಸುಕಿನಲ್ಲಿ ಟಂಟಂ ಗಾಡಿ ಬಂತು, ಹತ್ತಿಸಿಕೊಂಡು ಹೋದರು. ಮಗಳು ಎದ್ದವಳೇ ದೊಡ್ಡಿಗೆ ಓಡಿದಳು. ಬ್ಯಾಸಗಿ ರಜೆಗೆ ಬಂದಿದ್ದ ನಾದಿನಿ ಅಲ್ಲೇ ಕಸ ಹೊಡೆಯುತ್ತಿದ್ದಳು. "ಕೆಂಚ ನಿಮ್ಮ ಅಜ್ಜಿ ಊರಿಗೆ ಹೋಗ್ಯಾನವ್ವ. ಅಲ್ಲಿ ಹಸಿ ಹುಲ್ಲು ಭಾಳ ಐತಿ" ಅಂದಳು.

ನಮ್ಮ ಮನೆಯಲ್ಲಿ ದನ ಮಾರಲಿ, ಆಡು ಮಾರಲಿ, ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ದೊಡ್ಡಿಯ ಲಕ್ಷ್ಮಿ ಹೋಗುತ್ತಾಳೆ ಅಂತ ನಮ್ಮತ್ತಿ ಬಿಡುವುದಿಲ್ಲ. ಕೆಂಚನ ಹಗ್ಗ, ಅದಕ್ಕೆ ಕಟ್ಟಿದ್ದ ಸಣ್ಣ ಗಂಟೆ, ಗೂಟದ ಮೇಲೆ ತೂಗುತ್ತಿತ್ತು. ಮಗಳು ಅದನ್ನೇ ನೋಡುತ್ತ ಕೇಳಿದಳು: "ಹಗ್ಗ ಇಲ್ದ ಕೆಂಚ ಬಸ್ ಹೆಂಗ ಹತ್ತಿದ?"

"ನಿಮ್ಮಪ್ಪ ಹೆಗಲ ಮ್ಯಾಲ ಹೊತ್ಕೊಂಡು ಹೋದ" ಅಂದಳು ನಾದಿನಿ. ಮಗಳು ನನ್ನ ಕಡೆ ನೋಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಹೌದು ಅನ್ನುವ ಹಾಗೆ ತಲೆ ಆಡಿಸಿದೆ.

ಆ ತಲೆ ಆಡಿಸಿದ್ದು ಈಗಲೂ ನನ್ನನ್ನು ಸುಡುತ್ತಿದೆ.

ಅದಾಗಿ ಎರಡು ವಾರಕ್ಕೆ ಕಾರಟಗಿ ಕಡೆ ನನ್ನ ತವರಿಗೆ ಹೋದೆವು. ದಾರಿ ತುಂಬ ಮಗಳು ಒಂದು ಪ್ಲಾಸ್ಟಿಕ್ ಚೀಲ ತೊಡೆ ಮೇಲೆ ಇಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಬೊಂಬೆ ಇರಬೇಕು ಅಂದುಕೊಂಡೆ. ಬಸ್ ಇಳಿದಿದ್ದೇ ಅಜ್ಜಿ ಕೈಗೂ ಸಿಗದೆ ಮನೆ ಹಿಂದಿನ ದೊಡ್ಡಿಗೆ ಓಡಿದಳು. ಅಲ್ಲಿ ಇರುವುದು ಎರಡು ಎಮ್ಮೆ, ಒಂದು ಬಣವಿ. ಎಮ್ಮೆ ಹಿಂದೆ ನೋಡಿದಳು, ಬಣವಿ ಸುತ್ತ ಬಂದಳು. "ಕೆಂಚಾ, ಕೆಂಚಾ" ಅಂತ, ಮೇವಿಗೆ ಕರೆಯುವ ದನಿಯಲ್ಲೇ ಕರೆದಳು. ನಮ್ಮವ್ವ ಪಾಪ, ಏನೂ ಗೊತ್ತಿಲ್ಲದೆ "ಕೆಂಚ ಯಾರವ್ವ?" ಅಂದಳು.

ಚೀಲದಲ್ಲಿದ್ದದ್ದು ಬಳ್ಳಾರಿ ಜಾಲಿಯ ಕಾಯಿ. ಹಣ್ಣಾಗಿ ಹಳದಿ ಆದವು. ಕೆಂಚನಿಗೆ ಜೀವ ಅದು. ನಮ್ಮ ಹೊಲದ ಬದುವಿನಲ್ಲಿ ಒಂದೊಂದೇ ಆರಿಸಿದ್ದಳಂತೆ, ಅಂಗೈಯಲ್ಲಿ ಮುಳ್ಳು ಚುಚ್ಚಿದ ಗುರುತು ಎರಡು ಇದ್ದವು. ಅಳಲಿಲ್ಲ. ಆ ಕಾಯಿಯನ್ನೆಲ್ಲ ಎಮ್ಮೆಯ ಗ್ವಾದಲಿಗೆ ಸುರಿದು ಬಂದಳು. ರಾತ್ರಿ ಹಾಸಿಗೆಯಲ್ಲಿ, "ಅವ್ವಾ, ಅಜ್ಜಿ ಊರು ಇನ್ನೊಂದು ಐತೇನು?" ಅಂದಳು. "ಮಲಕೋ" ಅಂದೆ. ಅವತ್ತೂ ನನಗೆ ಬಾಯಿ ಬರಲಿಲ್ಲ.

ಈಗ ಹೇಳಿ, ಯಾರನ್ನು ಕಾಪಾಡಿದೆವು ನಾವು? ಕೂಸಿನ ಮನಸ್ಸು ಹೂವಿನಂಥದ್ದು, ಎದೆ ಒಡೆಯುತ್ತದೆ, ದೊಡ್ಡವಳಾದ ಮೇಲೆ ತಾನೇ ತಿಳಿಯುತ್ತದೆ ಅಂತ ನಾದಿನಿ ಹೇಳಿದಳು. ಬೆಂಗಳೂರಿನಲ್ಲಿರುವ ನನ್ನ ತಂಗಿಯೂ ಫೋನಿನಲ್ಲಿ ಅದನ್ನೇ ಹೇಳಿದಳು. ಪ್ರೀತಿಯಿಂದಲೇ ಹೇಳಿದ್ದು, ಒಪ್ಪುತ್ತೇನೆ. ಆದರೆ ನಮ್ಮ ಮನೆಯ ಕೂಸಿನ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಬೀಗರು ಬಂದ ದಿನ ಕೋಳಿ ಕೊಯ್ಯುವುದನ್ನು ಅಕಿ ನೋಡಿದ್ದಾಳೆ. ಕಾವಿಗೆ ಕೂತ ಹೇಂಟೆಯ 21 ದಿನ ಎಣಿಸಿ, ಒಡೆಯದ ಮೂರು ತತ್ತಿಯನ್ನು ತಾನೇ ತಿಪ್ಪೆಗೆ ಹಾಕಿ ಬಂದಿದ್ದಾಳೆ. ಹುಟ್ಟೂ ಸಾವೂ ಅಂಗಳದಲ್ಲೇ ನಡೆಯುವ ಮನೆ ನಮ್ಮದು.

ಮನೆ ಬಿಡಿ, ನಮ್ಮ ಸೀಮೆಯನ್ನೇ ನೋಡಿ. ಗಣೇಶನ ಹಬ್ಬದ ಹಿಂದೆ ಮಳೆ ತರುವ ದೇವರು, ಮಣ್ಣಿನ ಜೋಕುಮಾರ ಬರುತ್ತಾನೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿಕೊಂಡು ಮನೆ ಮನೆಗೆ ತರುತ್ತಾರೆ, ಅವನ ಬಾಯಿಗೆ ಬೆಣ್ಣೆ ಒರೆಸುತ್ತೇವೆ, ಜೋಳ ಕೊಟ್ಟು ನುಚ್ಚು ಇಸಿದುಕೊಂಡು ಹೊಲಕ್ಕೆ ಚರಗ ಚೆಲ್ಲುತ್ತೇವೆ. ಏಳು ದಿನ ಬದುಕಿ ಸಾಯುತ್ತಾನೆ ಅವನು. ಸಾಯುತ್ತಾನೆ ಅಂತ ಹಾಡಿನಲ್ಲೇ ಹೇಳುತ್ತಾರೆ, ಮಕ್ಕಳು ಬಾಗಿಲಲ್ಲಿ ನಿಂತು ಕೇಳುತ್ತಾರೆ. ಜೋಕುಮಾರ ಅಜ್ಜಿ ಊರಿಗೆ ಹೋದ ಅಂತ ಯಾವ ಮುತ್ತಜ್ಜಿಯೂ ಹೇಳಿಲ್ಲ.

ನಮ್ಮಪ್ಪನೂ ಹಾಗೆ ಹೇಳುವವನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗ ಕೆಂಚ ನಾಲ್ಕು ದಿನದ ಮರಿ. ಎಡದಂಡೆ ಕಾಲುವೆ ನೀರನ್ನೇ ನಂಬಿಕೊಂಡ ಗದ್ದೆ ಅಪ್ಪನದು, ಆಗಷ್ಟೇ ನಾಟಿ ಮುಗಿದಿತ್ತು. ಮರಿ ಸುದ್ದಿ ಹೇಳಲು ಮಗಳು ಫೋನ್ ಮಾಡಿದರೆ ಅಪ್ಪನ ದನಿ ಬೇರೆಯೇ ಇತ್ತು. "ಯಾಕ ಅಜ್ಜ?" ಅಂದಳು. "ಡ್ಯಾಮಿನ ಗೇಟು ಹೋಗೈತವ್ವ. ನೀರು ನಿಲ್ಲವಲ್ದು. ಬೆಳಿಗೆ ನೀರು ಸಿಗತೈತೋ ಇಲ್ಲೋ ನನಗ ಗೊತ್ತಿಲ್ಲ. ಅದಕ್ಕ ನನಗ ಅಂಜಿಕಿ ಆಗೈತಿ" ಅಂದ ಅಪ್ಪ. ನಾಲ್ಕು ವರ್ಷದ ಕೂಸಿಗೆ ಹೇಳಿದ ಮಾತು ಅದು! ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಳ್ಳದಾಗ ನೀರು ಅದಾವ, ತರಲೇನು ಅಜ್ಜ?" ಅಂದಳು. ಒಡೆದು ಹೋದಳೇ ಕೂಸು? ಇಲ್ಲ. ಅಜ್ಜನ ಕಷ್ಟದಲ್ಲಿ ತನ್ನ ಪಾಲು ಕೇಳಿದಳು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸುವ ತನಕ ದಿನಾ ಫೋನ್ ಮಾಡಿ "ನಿಂತಿತೇನು?" ಅಂತ ಕೇಳಿದಳು.

ಇನ್ನೊಂದು ಹೇಳಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಆಕಳ ಕರು ಹೋಯಿತು. ಆ ವರ್ಷ ಎಷ್ಟು ದೊಡ್ಡಿ ಬರಿದಾದವು ಅಂತ ನಿಮಗೆ ಗೊತ್ತು. ನೊಣ, ಸೊಳ್ಳೆ, ಉಣ್ಣಿಹುಳದಿಂದ ಹರಡುವ ವೈರಸ್. ಬೇವಿನ ಸೊಪ್ಪಿನ ಹೊಗೆ ಹಾಕಿದೆವು, ಡಾಕ್ಟರು ಬಂದು ಜ್ವರಕ್ಕೆ ಸೂಜಿ ಮಾಡಿದರು. ಮೈ ತುಂಬ ಗಂಟು, ಕಾಲು ಬಾತು ಏಳಲಾಗದೆ ಒಂಬತ್ತನೇ ದಿನ ಸತ್ತಿತು. ಹೊಲದ ಮೂಲೆಯಲ್ಲಿ ಆಳವಾಗಿ ತಗ್ಗು ತೆಗೆದು, ಸುಣ್ಣ ಉಪ್ಪು ಹಾಕಿ ಹೂಳಿದರು. ಎರಡೂವರೆ ವರ್ಷದ ಮಗಳು ನನ್ನ ಸೊಂಟದ ಮೇಲಿದ್ದಳು. "ಕರು ಮಲ್ಕೊಂಡೈತಿ" ಅಂದಳು. "ಹೌದವ್ವ, ಮಲ್ಕೊಂಡೈತಿ" ಅಂದೆ. ಅದಾದ ಮೇಲೆ ಒಂದು ತಿಂಗಳು ರಾತ್ರಿ ಚಾದರ ಹೊದಿಸಿದರೆ ಸಾಕು, ಕಿರುಚಿ ಒದ್ದು ಬಿಡುತ್ತಿದ್ದಳು. ಸೆಕೆ ಇರಬೇಕು ಅಂದುಕೊಂಡೆ. ಚಾದರ ಎಳೆಯುವುದಕ್ಕೂ ಮಣ್ಣು ಎಳೆಯುವುದಕ್ಕೂ ಅಕಿ ಸಂಬಂಧ ಕಟ್ಟಿಕೊಂಡಿದ್ದಳು ಅಂತ ನನಗೆ ಹೊಳೆದದ್ದು ಮೊನ್ನೆ ಮೊನ್ನೆ.

ಸತ್ತಿತು ಅಂತ ಅಂದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆಗಲೂ ಹೇಳಲಿಲ್ಲ, ಈಗಲೂ ಹೇಳಲಿಲ್ಲ. ಕೂಸು ಅತ್ತೀತು ಅಂತ ಅಲ್ಲ. ಅತ್ತ ಕೂಸಿನ ಮುಂದೆ ನಾವು ಕೂತಿರಬೇಕಲ್ಲ, ಅದು ನಮಗೆ ಬೇಡವಾಗಿತ್ತು.

ತವರಿನಿಂದ ವಾಪಸ್ ಬಂದ ಮರುದಿನ ಸಂಜೆ ನೀರು ಎರೆಯುವಾಗ ಮಗಳ ಮೀನಖಂಡದ ಮೇಲೆ ಎರಡು ಕೆಂಪು ಗೆರೆ ಕಂಡವು. "ಏನಿದು?" ಅಂದೆ. "ಏನಿಲ್ಲ, ಬೇಲಿ ತರಚೈತಿ" ಅಂದಳು. ಕಣ್ಣು ಮಿಟುಕಿಸದೆ, ದನಿ ನಡುಗದೆ. ನಾನು ರೊಟ್ಟಿ ಬಡಿಯುತ್ತ ತಲೆ ಆಡಿಸಿದ ಹಾಗೆಯೇ. ಓಣಿಯ ಮರಿನಾಯಿ ಪರಚಿದ್ದು ಅಂತ ಬಾಜೂಮನಿ ಹುಡುಗ ಹೇಳಿದ ಮೇಲೆ ಗೊತ್ತಾಯಿತು. ನನ್ನ ಕೈಕಾಲಿನ ಶಕ್ತಿಯೇ ಹೋಯಿತು. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ. ಮುಂಚೆ ಗೊತ್ತಾದರೆ ಮಾತ್ರ ಉಪಾಯ. ನಳದ ಕೆಳಗೆ ಕಾಲು ಹಿಡಿದು ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದೆ, ಅದೇ ರಾತ್ರಿ ಆಸ್ಪತ್ರೆಗೆ ಒಯ್ದೆವು. ರಕ್ತ ಬಂದಿರಲಿಲ್ಲ, ಹಾಗಾಗಿ ಲಸಿಕೆ ಸಾಕು ಅಂದರು. ರಕ್ತ ಬಂದಿದ್ದರೆ ಗಾಯಕ್ಕೇ ಸೀರಮ್ ಅನ್ನುವ ಬೇರೆ ಸೂಜಿಯನ್ನೂ ಕೊಡಬೇಕಿತ್ತಂತೆ. ಲಸಿಕೆ ನಾಲ್ಕು ಸಲ: ಮೊದಲ ದಿನ, ಅಲ್ಲಿಂದ 3ನೇ ದಿನ, 7ನೇ ದಿನ, 28ನೇ ದಿನ. ಇವತ್ತು 7ನೇ ದಿನ.

ಪರಚಿದ್ದನ್ನು ಮುಚ್ಚಿಟ್ಟಿದ್ದು ಯಾಕೆ ಅಂತ ಆಮೇಲೆ ಕೇಳಿದೆ. "ಹೇಳಿದ್ರ ನಾಯಿಮರೀನೂ ಅಜ್ಜಿ ಊರಿಗೆ ಕಳಸ್ತಿದ್ರಿ" ಅಂದಳು.

ಆ ರಾತ್ರಿಯೇ ದೊಡ್ಡಿಗೆ ಕರಕೊಂಡು ಹೋಗಿ, ಕೆಂಚನ ಗೂಟದ ಹತ್ತಿರ ಕೂರಿಸಿಕೊಂಡು ಹೇಳಿದೆ. ಮಾರಿದೆವು, ಸಂತೆಯಲ್ಲಿ ಮಾರಿದೆವು, ಕೊಂಡವರು ಹಬ್ಬಕ್ಕೆ ಕೊಯ್ದಿರುತ್ತಾರೆ, ಅವನು ಇನ್ನು ಬರುವುದಿಲ್ಲ. ನಾನು ಸುಳ್ಳು ಹೇಳಿದೆ, ತಪ್ಪಾಯಿತು. ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ನನ್ನನ್ನು ಹೊಡೆದಳು, ಹೊಡೆಸಿಕೊಂಡೆ. ಊಟ ಬಿಟ್ಟಳು. ನಡುರಾತ್ರಿ ಎದ್ದು, "ಎಷ್ಟು ರೊಕ್ಕ ಬಂತು?" ಅಂದಳು. ಹೇಳಿದೆ. "ಏನು ತಂದ್ರಿ?" ಬೀಜ ಅಂದೆ. ಬೆಳಗ್ಗೆ ಬೀಜದ ಚೀಲ ಬಿಚ್ಚಿಸಿ, ಒಂದು ಹಿಡಿ ಸಜ್ಜೆ ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ರೊಟ್ಟಿ ಕೇಳಿದಳು.

ನಾದಿನಿ ಇದನ್ನು ಓದುತ್ತಾಳೆ ಅಂತ ಗೊತ್ತಿದ್ದೇ ಬರೆದಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ ತಂಗಿ, ತಲೆ ಆಡಿಸಿದವಳು ನಾನು. ಆದರೆ ಮುಂದೆ ನಮ್ಮ ಮನೆಯಲ್ಲಿ ಯಾವ ಪ್ರಾಣಿಯನ್ನೂ ಅಜ್ಜಿ ಊರಿಗೆ ಕಳಿಸಬೇಡ.

ದಸರಾ ಹೊತ್ತಿಗೆ ಇನ್ನೊಂದು ಹೋತ ಮಾರುವುದಿದೆ. ಮಗಳಿಗೆ ಈಗಲೇ ಹೇಳಿದ್ದೇವೆ. ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ನಿನ್ನೆ ಸಂಜೆ ಅವರಪ್ಪನ ಹತ್ತಿರ ಹೋಗಿ, "ಅವತ್ತ ನನ್ನ ಎಬ್ಬಸ್ರಿ. ಅವನ ಹಗ್ಗ ನಾನ ಬಿಚ್ಚತೀನಿ" ಅಂದಳು.